ಜಾಮೀನಿಗೂ ಕಂಪ್ಯೂಟರೇ?

ದಾವಣಗೆರೆಯ ಓದುಗರೊಬ್ಬರ ಪತ್ರ: "ಜಾಮೀನು ಅರ್ಜಿಗಳು ತಿಂಗಳುಗಟ್ಟಲೆ ಕೊಳೆಯುತ್ತಿವೆ. ಕೊಡಬೇಕೋ ಬೇಡವೋ ಎಂಬುದನ್ನು ಎಐಗೇ ಬಿಟ್ಟುಬಿಡಿ. ಅದಕ್ಕೆ ಜಾತಿಯಿಲ್ಲ, ಲಂಚ ಬೇಡ, ಮನೆಯಲ್ಲಿ ಜಗಳವಾಡಿಕೊಂಡು ಕೋರ್ಟಿಗೆ ಬರುವುದಿಲ್ಲ."

ಸಂಪಾದಕರ ಉತ್ತರ: ಪತ್ರ ಖಾರವಾಗಿದೆ, ಸೊಗಸಾಗಿಯೂ ಇದೆ. ಜಾಮೀನು ಅರ್ಜಿಗಳು ತಿಂಗಳುಗಟ್ಟಲೆ ಕೊಳೆಯುತ್ತವೆ ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಸ್ವಾಮಿ, ನೀವು ಹೇಳುವ ಪ್ರಯೋಗ ಅಮೆರಿಕದಲ್ಲಿ ಆಗಲೇ ನಡೆದಿದೆ.

ಅಲ್ಲಿನ ಕೆಲವು ರಾಜ್ಯಗಳು ಬಳಸಿದ ತಂತ್ರಾಂಶದ ಹೆಸರು ಕಂಪಾಸ್. 137 ಪ್ರಶ್ನೆ. ಅಪ್ಪ ಅಮ್ಮ ಜೈಲಿಗೆ ಹೋಗಿದ್ದರೇ? ಗೆಳೆಯರಲ್ಲಿ ಎಷ್ಟು ಮಂದಿ ಮಾದಕವಸ್ತು ಸೇವಿಸುತ್ತಾರೆ? ಕೊನೆಗೆ, ಆರೋಪಿ ಮತ್ತೆ ಅಪರಾಧ ಮಾಡುವ ಸಂಭವ ಎಷ್ಟೆಂದು 1ರಿಂದ 10ರವರೆಗೆ ಒಂದು ಅಂಕ. 8 ಅಥವಾ ಅದಕ್ಕೂ ಮೇಲಾದರೆ 'ಹೆಚ್ಚು ಅಪಾಯ'. ಜನಾಂಗ ಯಾವುದೆಂದು ಕೇಳುವುದೇ ಇಲ್ಲ. ಆದರೂ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಅಂಕಗಳನ್ನು 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ಪತ್ರಕರ್ತರು ತಾಳೆ ನೋಡಿದಾಗ ಸಿಕ್ಕಿದ್ದು ಇದು: ಎರಡು ವರ್ಷ ಯಾವ ತಂಟೆಗೂ ಹೋಗದ ಕರಿಯರಲ್ಲಿ ಶೇ. 44.9 ಮಂದಿ 'ಮಧ್ಯಮ' ಇಲ್ಲವೇ 'ಹೆಚ್ಚು' ಅಪಾಯದವರು ಎನಿಸಿಕೊಂಡಿದ್ದರು, ಅಂಥ ಬಿಳಿಯರಲ್ಲಿ ಶೇ. 23.5 ಮಂದಿ.

ಕಂಪಾಸ್ ತಯಾರಿಸಿದ ಕಂಪನಿಯ ಉತ್ತರವೂ ಸುಳ್ಳಲ್ಲ. ಒಂದೇ ಅಂಕ ಪಡೆದ ಕರಿಯರೂ ಬಿಳಿಯರೂ ಮತ್ತೆ ಸಿಕ್ಕಿಬೀಳುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂದಿತು. ಎರಡು ಗುಂಪುಗಳ ಬಂಧನದ ಪ್ರಮಾಣವೇ ಬೇರೆಯಾಗಿದ್ದಾಗ, ಒಂದೇ ಅಂಕಕ್ಕೆ ಒಂದೇ ಅರ್ಥವಿರುವುದೂ, ತಪ್ಪಾಗಿ 'ಅಪಾಯ' ಎನಿಸಿಕೊಳ್ಳುವವರ ಪಾಲೂ ಎರಡೂ ಸಮನಾಗಿರುವುದು, ಊಹೆ ಪೂರ್ತಿ ನಿಖರವಲ್ಲದಿದ್ದರೆ, ಅಸಾಧ್ಯವೆಂದು ಗಣಕವಿಜ್ಞಾನಿ ಕ್ಲೈನ್‌ಬರ್ಗ್ ಮತ್ತಿತರರು ಗಣಿತದಿಂದಲೇ ತೋರಿಸಿದರು. ಯಾವುದನ್ನು ಬಿಡಬೇಕು? ಅದನ್ನು ಯಾರಾದರೂ ಮನುಷ್ಯರೇ ತೀರ್ಮಾನಿಸಿ, ಬೈಸಿಕೊಳ್ಳಬೇಕು.

ಇನ್ನೊಂದು ಗೋಜಲು: ಕಡತದಲ್ಲಿರುವುದು ಬಂಧನದ ಲೆಕ್ಕ, ಅಪರಾಧದ್ದಲ್ಲ. ಪೊಲೀಸರು ಸದಾ ಸುತ್ತುವ ಕೇರಿಯಲ್ಲಿ ಬಂಧನ ಹೆಚ್ಚು, ಅಂಕವೂ ಹೆಚ್ಚು. ಇಷ್ಟೆಲ್ಲ ಮಾಡಿಯೂ ಅದರ ಊಹೆ ಸರಿಯಾದದ್ದು ಸುಮಾರು ಶೇ. 65. ವಯಸ್ಸು ಮತ್ತು ಹಿಂದಿನ ಶಿಕ್ಷೆಗಳ ಸಂಖ್ಯೆ, ಇವೆರಡನ್ನೇ ಇಟ್ಟುಕೊಂಡರೂ ಅಷ್ಟೇ ಬರುತ್ತದೆಂದು 2018ರಲ್ಲಿ ಸಂಶೋಧಕರಾದ ಡ್ರೆಸೆಲ್ ಮತ್ತು ಫರೀದ್ ತೋರಿಸಿದರು. ಉಳಿದ ನೂರಕ್ಕೂ ಹೆಚ್ಚು ಪ್ರಶ್ನೆಗಳು ಯಾವ ಸಂಭ್ರಮಕ್ಕೋ!

ವಿಸ್ಕಾನ್ಸಿನ್‌ನ ಲೂಮಿಸ್ ಎಂಬ ಆರೋಪಿ, ಶಿಕ್ಷೆ ವಿಧಿಸುವಾಗ ಗಮನಿಸಿದ ಈ ಅಂಕ ಹೇಗೆ ಬಂತೆಂದು ತಿಳಿಯದೆ ವಾದಿಸುವುದೆಂತು ಎಂದು ಕೇಳಿದ. ಲೆಕ್ಕ ಕಂಪನಿಯ ವ್ಯಾಪಾರದ ಗುಟ್ಟು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಅಂಕವನ್ನೇ ನೆಚ್ಚಿ ತೀರ್ಪು ಕೊಡಬೇಡಿ ಎಂದು ಎಚ್ಚರಿಸಿತು, ಆದರೂ ಬಳಕೆಗೆ ಒಪ್ಪಿತು. ಕೆಲಸದ ಹೊರೆ ಹೊತ್ತ ನ್ಯಾಯಾಧೀಶರು ಕಣ್ಣೆದುರಿನ ಅಂಕವನ್ನು ಮೀರಿ ನಡೆಯುವುದು ಎಷ್ಟು ಸಲ?

ಇದು ದೂರದ ಮಾತಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟಿನ ಗೆರೆ ಸವೆದ ಅಜ್ಜಿಗೆ "ಮಿಷಿನ್ ತಗೋತಿಲ್ಲ, ನಾಳೆ ಬಾ" ಎನ್ನುವವನಿಗೆ ಅವಳು ಯಾರ ಮನೆಯವಳೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೈಚೆಲ್ಲಲು ಯಂತ್ರ ಒಳ್ಳೆಯ ನೆಪ. ಲಂಚ ಕೇಳಿದ ಗುಮಾಸ್ತನ ಮೇಲಾದರೂ ಲೋಕಾಯುಕ್ತಕ್ಕೆ ದೂರು ಕೊಡಬಹುದು. 8 ಅಂಕ ಕೊಟ್ಟ ತಂತ್ರಾಂಶದ ಮೇಲೆ ಎಲ್ಲಿಗೆ ಹೋಗುತ್ತೀರಿ? ಮುಂದಿನ ಪತ್ರದಲ್ಲಿ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ.