ರೋಮನ್ ಗಣರಾಜ್ಯ ಬಿದ್ದಿದ್ದು ಲಂಚದಿಂದಲೇ?

ಲಂಚವೊಂದೇ ಅಲ್ಲ, ಆದರೆ ಅದರ ಪಾಲು ಜಾಸ್ತಿಯೇ ಇತ್ತು. ರೋಮ್‌ನಲ್ಲಿ ದೊಡ್ಡ ಹುದ್ದೆಗಳಿಗೆ ಸಂಬಳ ಇರಲಿಲ್ಲ. ಎಷ್ಟೋ ಜನ ಸಾಲ ಮಾಡಿ ಚುನಾವಣೆಗೆ ದುಡ್ಡು ಸುರಿಯುತ್ತಿದ್ದರು. ಆಮೇಲೆ ಯಾವುದೋ ಪ್ರಾಂತ್ಯಕ್ಕೆ ಗವರ್ನರ್ ಆಗಿ ಹೋಗಿ ಅಲ್ಲಿನ ಜನರಿಂದ ವಸೂಲಿ ಮಾಡುತ್ತಿದ್ದರು.

ಕ್ರಿ.ಪೂ. 73ರಿಂದ 71ರವರೆಗೆ ಸಿಸಿಲಿ ದ್ವೀಪವನ್ನು ದೋಚಿದ ಗವರ್ನರ್ ವೆರೆಸ್‌ನನ್ನೇ ನೋಡಿ. ದೇವಸ್ಥಾನದ ವಿಗ್ರಹಗಳನ್ನೂ ಬಿಡಲಿಲ್ಲ. ಮೊದಲ ವರ್ಷದ ಗಳಿಕೆ ತನಗೆ, ಎರಡನೆಯದು ವಕೀಲರಿಗೆ, ಮೂರನೆಯದು ತೀರ್ಪು ಕೊಡುವವರಿಗೆ ಅಂತ ಆತ ಲೆಕ್ಕ ಹಾಕಿದ್ದನೆಂದು, ಆತನ ವಿರುದ್ಧ ಮೊಕದ್ದಮೆ ನಡೆಸಿದ ವಕೀಲ ಸಿಸೆರೊ ಆರೋಪಿಸಿದ. ತೀರ್ಪು ಕೊಡುವವರೇ ಮಾರಾಟಕ್ಕಿದ್ದರೆ ಕಾನೂನಿದ್ದು ಏನು ಪ್ರಯೋಜನ, ಅಲ್ವಾ?

ನನ್ನ ಪ್ರಕಾರ ಕೊನೆಯ ಪೆಟ್ಟು ಸೈನ್ಯದ್ದು. ಸೈನಿಕರು ಜಮೀನು ಕೊಡಿಸುವ ಸೇನಾಪತಿಯ ಹಿಂದೆ ನಿಂತರು. ಕ್ರಿ.ಪೂ. 88ರಲ್ಲಿ ಸುಲ್ಲಾ, 49ರಲ್ಲಿ ಸೀಸರ್, ಇಬ್ಬರೂ ರೋಮ್ ಮೇಲೇ ದಂಡೆತ್ತಿ ಬಂದರು.