ನಿಮ್ಮ ಆಸ್ತಿಯಲ್ಲಿ ಪಾಲಿಲ್ಲದವರ ಬಳಿ ಮಾತನಾಡಿ

ಪ್ರಶ್ನೆ: ನನಗೆ 43 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸುತ್ತಿದ್ದೇನೆ. ತಂದೆ ತೀರಿಕೊಂಡ ಮೇಲೆ ತಮ್ಮ ಭಾಗ ಕೇಳಿದ್ದಾನೆ. ಮನೆ, ಜಮೀನು, ಘಟಕ ಎಲ್ಲದಕ್ಕೂ ತಕರಾರು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಎದೆ ಭಾರವೆಂದು ಇಸಿಜಿ, ರಕ್ತಪರೀಕ್ಷೆ ಮಾಡಿಸಿದೆ; ಎಲ್ಲ ಸರಿಯಿದೆ ಎಂದರು. ಕೆಲಸಗಾರರ ಮೇಲೆ ರೇಗುತ್ತೇನೆ. ಮೊನ್ನೆ ಕಾರಣವಿಲ್ಲದೆ ಮಗನಿಗೆ ಹೊಡೆದೆ. ಎಲ್ಲವನ್ನೂ ಬಿಟ್ಟು ಹೋಗಿಬಿಡೋಣ ಎನಿಸುತ್ತದೆ. ಆಪ್ತಸಮಾಲೋಚಕರನ್ನು ಕಾಣಿ ಎಂದು ವೈದ್ಯರು ಹೇಳಿದ್ದಾರೆ. ನನಗೇನು ಹುಚ್ಚೇ? ಭಾಗದ ಜಗಳ ಯಾರ ಮನೆಯಲ್ಲಿಲ್ಲ? ಗೂಡಿನ ಮಾರುಕಟ್ಟೆಯಲ್ಲಿ ನಾಲ್ಕು ಜನಕ್ಕೆ ಗೊತ್ತಾದರೆ ಗತಿಯೇನು?
— ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: 'ಎಲ್ಲವನ್ನೂ ಬಿಟ್ಟು ಹೋಗಿಬಿಡೋಣ' ಎಂದಿದ್ದೀರಿ. ಅದು ಊರು ಬಿಡುವ ಯೋಚನೆಯೋ, ಜೀವ ಬಿಡುವ ಯೋಚನೆಯೋ? ಎರಡನೆಯದು ಒಮ್ಮೆಯಾದರೂ ಮನಸ್ಸಿಗೆ ಬಂದಿದ್ದರೆ, ಮುಂದೆ ಓದುವ ಮೊದಲೇ 14416ಕ್ಕೆ ಕರೆ ಮಾಡಿ, ಮನೆಯವರಲ್ಲಿ ಒಬ್ಬರಿಗೂ ತಿಳಿಸಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ನಿಮಗೆ ಎಚ್ಚರವಾಗುವ ಆ ಎರಡು ಗಂಟೆಯ ಹೊತ್ತಿಗೂ ಕರೆ ಮಾಡಬಹುದು.

ಇನ್ನು ಹುಚ್ಚಿನ ಮಾತು. ಆಪ್ತಸಮಾಲೋಚನೆಗೆ ಹೋಗುವವರಲ್ಲಿ ನಿಮ್ಮಂಥವರು ಬಹಳ ಮಂದಿ: ದುಡಿಯುತ್ತಾ, ಸಂಸಾರ ತೂಗಿಸುತ್ತಾ ಒಂದು ಕಡೆ ದಾರಿ ಕಾಣದೆ ನಿಂತವರು. ಭಾಗದ ಜಗಳ ಎಲ್ಲರ ಮನೆಯಲ್ಲೂ ಇದೆ, ನಿಜ. ಎಲ್ಲರಿಗೂ ಇದೆ ಎಂದುಕೊಂಡ ಮಾತ್ರಕ್ಕೆ ನಿಮಗೆ ನಿದ್ದೆ ಬಂದಿದೆಯೇ?

ಈಗ ನಿಮ್ಮ ಮಾತು ಕೇಳುತ್ತಿರುವವರು ಯಾರು, ಯೋಚಿಸಿ. ಹೆಂಡತಿಗೆ ಮಕ್ಕಳ ಪಾಲಿನ ಚಿಂತೆ. ತಾಯಿ ಇದ್ದರೆ, ಅವರಿಗೆ ನೀವಿಬ್ಬರೂ ಮಕ್ಕಳೇ. ಪಂಚಾಯಿತಿಗೆ ಕೂತ ಸೋದರಮಾವ ಯಾರಾದರೊಬ್ಬರ ಪರ ನಿಲ್ಲಲೇಬೇಕು. ವಕೀಲರಿಗೆ ಬೇಕಾದದ್ದು ಪಹಣಿ, ಖಾತೆ. ಇವರಾರೂ ಕೆಟ್ಟವರಲ್ಲ. ಆದರೆ ತಂದೆಯನ್ನು ಕಳೆದುಕೊಂಡ ದುಃಖವನ್ನು ನೀವು ಯಾರ ಎದುರೂ ಹೇಳಿಕೊಂಡಂತಿಲ್ಲ. ಈ ಪತ್ರದಲ್ಲೂ ಅವರಿಗೆ ಸಿಕ್ಕಿರುವುದು ಅರ್ಧ ವಾಕ್ಯ. ತಮ್ಮನ ಮೇಲಿನ ಸಿಟ್ಟಿನಲ್ಲಿ ಆ ದುಃಖವೂ ಸೇರಿಕೊಂಡಿದೆ ಎಂದು ನನಗನ್ನಿಸುತ್ತದೆ. ಅದನ್ನು ಹೇಳಿಕೊಳ್ಳಲು ನಿಮ್ಮ ಬಂಧುವಲ್ಲದ, ಯಾವ ಪಾಲೂ ಬೇಡದ, ಕೇಳುವುದನ್ನೇ ಕಲಿತು ಬಂದ ಒಬ್ಬರು ಬೇಕು.

ಅವರು ಭಾಗ ಮಾಡಿಕೊಡುವುದಿಲ್ಲ, ತಪ್ಪು ಯಾರದೆಂದು ತೀರ್ಪೂ ಕೊಡುವುದಿಲ್ಲ. ಮೊದಲ ದಿನ ಸಾಮಾನ್ಯವಾಗಿ ನಿದ್ದೆ, ಊಟ, ಕುಡಿತ, ಮನೆಯ ಹಿನ್ನೆಲೆ ಕೇಳುತ್ತಾರೆ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಆಗಬಹುದು. ಸಿಟ್ಟು ಏರುವಾಗ ಮೈಯಲ್ಲಿ ಏನಾಗುತ್ತದೆ, ಮನಸ್ಸಿನಲ್ಲಿ ಯಾವ ಮಾತು ಓಡುತ್ತದೆ ಎಂದು ಗಮನಿಸಿ ಬರೆದಿಡಲು ಹೇಳಬಹುದು. ಒಂದೇ ಭೇಟಿಗೆ ಹಗುರವಾಗಲಿಲ್ಲವೆಂದು ಕೈಬಿಡಬೇಡಿ. ಹೊಂದಾಣಿಕೆಯೇ ಆಗದಿದ್ದರೆ ಬೇರೆಯವರನ್ನು ಕಾಣಿ, ಅದರಲ್ಲಿ ದಾಕ್ಷಿಣ್ಯ ಬೇಡ. ಸಮಾಲೋಚಕರು ಮಾತ್ರೆ ಬರೆಯುವುದಿಲ್ಲ. ಔಷಧ ಬೇಕೆನಿಸಿದರೆ ಮನೋವೈದ್ಯರ ಬಳಿಗೆ ಕಳಿಸುತ್ತಾರೆ.

ಫಲಕ ಹಾಕಿಕೊಂಡವರೆಲ್ಲ ತರಬೇತಿ ಪಡೆದವರಲ್ಲ, ಆದ್ದರಿಂದ ಏನು ಓದಿದ್ದೀರಿ ಎಂದು ಧೈರ್ಯವಾಗಿ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸೆಯ ತರಬೇತಿ ಪಡೆದ ಮನಶ್ಶಾಸ್ತ್ರಜ್ಞ, ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಖರ್ಚಿನ ಯೋಚನೆಯಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ವಿಚಾರಿಸಿ.

ಮಾರುಕಟ್ಟೆಯವರ ಭಯ ನನಗೆ ಅರ್ಥವಾಗುತ್ತದೆ. ವ್ಯಾಪಾರ ನಿಂತಿರುವುದೇ ಹೆಸರಿನ ಮೇಲೆ. ಮಾನಸಿಕ ಆರೋಗ್ಯದ ಚಿಕಿತ್ಸೆ ಪಡೆಯುವವರ ವಿವರ ಗೋಪ್ಯವಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಯಾರದಾದರೂ ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಅಷ್ಟಾದರೂ ಹಿಂಜರಿಕೆಯಿದ್ದರೆ ಮೊದಲ ಮಾತು ಫೋನಿನಲ್ಲೇ ಆಗಲಿ.

ಮಗನ ವಿಷಯಕ್ಕೆ ಮಾತ್ರ ಯಾವ ಸಮಾಲೋಚಕರಿಗೂ ಕಾಯಬೇಡಿ. ಇಂದು ಸಂಜೆಯೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಡೆದದ್ದು ನನ್ನ ತಪ್ಪು, ನೀನೇನೂ ಮಾಡಿರಲಿಲ್ಲ ಎಂದು ಹೇಳಿ.