ಶನಿವಾರಕ್ಕೊಂದು ಕೆಲಸ ಹಿಡಿ, ತಮ್ಮ

ತಮ್ಮ, ನಿನ್ನ ಪತ್ರ ಬಂದು ಎಂಟು ದಿನ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಾನೀಗ ಇಳಕಲ್ಲಿನಲ್ಲಿ ಅವ್ವನ ಹತ್ತಿರ ಇದ್ದೇನೆ. ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ ಅಂತ ಬಂದವಳು, ಜನವರಿ ಕೊನೆಗೆ ಜರ್ಮನಿಯ ಡ್ಯೂಸೆಲ್ಡಾರ್ಫ್‌ಗೆ ವಾಪಸ್ ಬರುತ್ತೇನೆ.

ನೀನು ಬರೆದದ್ದನ್ನು ಮೂರು ಸಲ ಓದಿದೆ. ವಿಜಯಪುರ ಬಿಟ್ಟು ಡ್ಯೂಸೆಲ್ಡಾರ್ಫ್‌ಗೆ ಬಂದು ಮೂರು ತಿಂಗಳಾಯಿತು, ಕೆಲಸ ಚೆನ್ನಾಗಿದೆ, ಮನೆಯೂ ಸಿಕ್ಕಿದೆ, ಆದರೆ ಶುಕ್ರವಾರ ಸಂಜೆ ಬಂತೆಂದರೆ ಎದೆ ಭಾರವಾಗುತ್ತದೆ ಅಂದಿದ್ದೀಯ. ನಾಲ್ಕೂವರೆಗೆಲ್ಲ ಕತ್ತಲೆ. ಭಾನುವಾರ ಅಂಗಡಿಗಳೆಲ್ಲ ಬಂದ್. ಎರಡು ದಿನವೂ ಮೊಬೈಲ್ ಹಿಡಿದು ಮಲಗಿಯೇ ಕಳೆಯುತ್ತೀಯ. "ನನಗೆ ಯಾವ ಹವ್ಯಾಸವೂ ಇಲ್ಲ ಅಕ್ಕಾ, ಇಲ್ಲಿ ನೀವೆಲ್ಲ ಹೇಗೆ ಖುಷಿಯಾಗಿರ್ತೀರಿ?" ಅಂತ ಕೇಳಿದ್ದೀಯ.

ನಾನು 2009ರಲ್ಲಿ ಬಂದೆ. ಮೊದಲ ಎರಡು ಚಳಿಗಾಲ ನನ್ನದೂ ಇದೇ ಕತೆ. ಶನಿವಾರ ಬೆಳಗ್ಗೆ ಎದ್ದರೆ ಅವ್ವನಿಗೆ ಫೋನ್, ಮಧ್ಯಾಹ್ನ ಅಕ್ಕನಿಗೆ ಫೋನ್, ಸಂಜೆ ಗೆಳತಿಗೆ. ಮೂವರೂ "ಏನು ಮಾಡಿದಿ ಇವತ್ತು?" ಅಂತ ಕೇಳುತ್ತಿದ್ದರು. ಹೇಳೋಕೆ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಯಾರೋ ಹೇಳಿದರು ಅಂತ ಒಂದು ಜಿಮ್‌ಗೆ ಸೇರಿದೆ. ಎರಡು ವರ್ಷದ ಕರಾರು, ಸರಿಯಾಗಿ ಓದದೆ ಸಹಿ ಹಾಕಿದ್ದೆ. ಹೋದದ್ದು ಐದು ಸಲ, ದುಡ್ಡು ಕಟ್ಟಿದ್ದು ಇಪ್ಪತ್ನಾಲ್ಕು ತಿಂಗಳು. ಅದಕ್ಕೇ ಹೇಳುತ್ತೇನೆ, ಅಲ್ಲಿ ಯಾವ ಕಾಗದಕ್ಕೂ ಅವಸರದಲ್ಲಿ ಸಹಿ ಹಾಕಬೇಡ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆ ಜಿಮ್‌ನಲ್ಲಿ ಎಲ್ಲರೂ ಕಿವಿಗೆ ಹಾಡು ಹಾಕಿಕೊಂಡು ಒಬ್ಬೊಬ್ಬರೇ ಓಡುತ್ತಿದ್ದರು. ಯಾರಿಗೂ ನನ್ನಿಂದ ಏನೂ ಬೇಕಾಗಿರಲಿಲ್ಲ, ನನಗೂ ಅವರನ್ನು ಏನು ಕೇಳಬೇಕು ಅಂತ ಗೊತ್ತಿರಲಿಲ್ಲ.

ಬದಲಾದದ್ದು ಕ್ರೆಫೆಲ್ಡ್‌ಗೆ ಹೋದ ದಿನ. ಡ್ಯೂಸೆಲ್ಡಾರ್ಫ್‌ನಿಂದ ಯು76 ಅನ್ನುವ ಲೋಕಲ್ ರೈಲು ಹತ್ತಿದರೆ ರೈನ್ ನದಿ ದಾಟಿ, ಹೊಲಗಳ ಪಕ್ಕದಲ್ಲೇ ಸಾಗಿ ಅಲ್ಲಿಗೆ ಮುಟ್ಟಿಸುತ್ತದೆ. ಆ ಎರಡು ಊರಿನ ನಡುವೆ 1898ರಿಂದ ವಿದ್ಯುತ್ ರೈಲು ಓಡುತ್ತಿದೆ. ಕ್ರೆಫೆಲ್ಡ್‌ಗೆ ಅಲ್ಲಿಯ ಜನ ಮಖಮಲ್ಲು ಮತ್ತು ರೇಷ್ಮೆಯ ಊರು ಅನ್ನುತ್ತಾರೆ. ಹದಿನೆಂಟನೇ ಶತಮಾನದಿಂದ ಆ ಊರನ್ನು ಸಾಕಿದ್ದು ರೇಷ್ಮೆ. ಅಲ್ಲಿ ಹೌಸ್ ಡೆರ್ ಝೈಡನ್‌ಕುಲ್ಟೂರ್ ಅಂತ ಒಂದು ಸಣ್ಣ ಮ್ಯೂಸಿಯಂ ಇದೆ. ಹಿಂದೆ ಅದು ಚರ್ಚಿನ ಪಾದ್ರಿಗಳು ತೊಡುವ ಬಟ್ಟೆ ನೇಯುವ ಕಾರ್ಖಾನೆ ಆಗಿತ್ತು. ಹಳೆಯ ಜಕಾರ್ಡ್ ಕೈಮಗ್ಗಗಳು ಅದೇ ಕೋಣೆಯಲ್ಲಿ ಇನ್ನೂ ನಿಂತಿವೆ. ತೂತು ಹೊಡೆದ ರಟ್ಟುಗಳ ಮಾಲೆ ಮೇಲಿನಿಂದ ಇಳಿಯುತ್ತದೆ, ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಅಂತ ಆ ತೂತುಗಳೇ ಹೇಳುತ್ತವೆ. ನಾನು ಹೋದಾಗ ವಯಸ್ಸಾದ ಒಬ್ಬರು ಮಗ್ಗದ ಮೇಲೆ ಕೂತು ನೇಯ್ದು ತೋರಿಸುತ್ತಿದ್ದರು. ಲಾಳಿ ಒಂದು ಸಲ ಓಡಿತು. ಆ ಸದ್ದು ಕೇಳಿದ್ದೇ ನನ್ನ ಕಣ್ಣು ತುಂಬಿತು.

ನಾನು ನೇಕಾರರ ಮನೆಯ ಮಗಳು. ಶಾಲೆಯಿಂದ ಬಂದ ತಕ್ಷಣ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತೋದು ನನ್ನ ಪಾಲಿನ ಕೆಲಸ. ಆದರೆ ಅಪ್ಪ ನನ್ನನ್ನು ಮಗ್ಗದ ಕುಣಿಗೆ, ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಗುಂಡಿಗೆ, ಇಳಿಯಲು ಬಿಡಲಿಲ್ಲ. "ಇದು ನನ್ನ ಕಾಲಕ್ಕ ಸಾಕು, ನೀ ಓದು" ಅನ್ನುತ್ತಿದ್ದರು. ಓದಿದೆ, ಕೆಲಸ ಹಿಡಿದೆ, ಮದುವೆಯಾದೆ, ವಿಮಾನ ಹತ್ತಿದೆ. ಅಪ್ಪ ಹೋದ ಮೇಲೆ ಮನೆಯ ಕುಣಿ ಮುಚ್ಚಿ ಮೇಲೆ ಶಹಾಬಾದ್ ಕಲ್ಲು ಹಾಸಿದರು. ಈಗ ಅಲ್ಲಿ ಫ್ರಿಜ್ ಇದೆ. ಮೂವತ್ತಾರು ವರ್ಷ ಆದಾಗ, ಏಳು ಸಾವಿರ ಕಿಲೋಮೀಟರ್ ದೂರದಲ್ಲಿ, ನನಗೆ ನೇಯ್ಗೆ ಬರಬೇಕು ಅನ್ನಿಸಿತು.

ಜರ್ಮನಿಯಲ್ಲಿ ಇದಕ್ಕೊಂದು ದಾರಿ ಇದೆ. ಊರೂರಲ್ಲಿ ಫೋಲ್ಕ್ಸ್‌ಹೋಖ್‌ಶೂಲೆ ಅಂತ ದೊಡ್ಡವರ ಕಲಿಕೆಗೇ ಮಾಡಿದ ಶಾಲೆ ಇರುತ್ತದೆ. ದೇಶದಲ್ಲಿ 800ಕ್ಕೂ ಹೆಚ್ಚು ಇವೆ. 1919ರ ಅವರ ಸಂವಿಧಾನದಲ್ಲೇ ಇಂಥ ಶಾಲೆಗಳಿಗೆ ಸರ್ಕಾರ ನೆರವು ಕೊಡಬೇಕು ಅಂತ ಬರೆದಿತ್ತು. ಸಂಜೆ ಹೊತ್ತು, ಶನಿವಾರ, ಕುಂಬಾರಿಕೆ, ಬಡಗಿ ಕೆಲಸ, ಹೊಲಿಗೆ, ಚಿತ್ರ, ಅಡುಗೆ, ಭಾಷೆ, ಎಲ್ಲ ಕಲಿಸುತ್ತಾರೆ. ಡ್ಯೂಸೆಲ್ಡಾರ್ಫ್‌ನದು ಮುಖ್ಯ ರೈಲು ನಿಲ್ದಾಣದ ಹಿಂದೆಯೇ ಇದೆ. ನೀನು ಭಾಷೆ ಕಲಿಯೋಕೆ ಮಾತ್ರ ಅಲ್ಲಿಗೆ ಹೋಗಿರಬಹುದು, ಹೆಚ್ಚಿನ ಹೊಸಬರು ಅಷ್ಟಕ್ಕೇ ನಿಲ್ಲಿಸುತ್ತಾರೆ. ನಾನು ಸೇರಿದ ನೇಯ್ಗೆ ತರಗತಿಗೆ ಹತ್ತು ವಾರಕ್ಕೆ ನೂರು ಯುರೋ ಆಸುಪಾಸು ಆಯಿತು. ಮಗ್ಗ ಅವರದೇ, ನೂಲಿಗೆ ಬೇರೆ ಕೊಡಬೇಕಿತ್ತು.

ಮೊದಲ ಮೂರು ವಾರ ನೇಯಲೇ ಇಲ್ಲ. ಬರೀ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆಗಳನ್ನು ಕಟ್ಟೋದು. ಒಂದೊಂದು ಎಳೆಯನ್ನೂ ಅಚ್ಚಿನಲ್ಲಿ ತೂರಿಸಿ, ಹಣಿಗೆಯಲ್ಲಿ ತೂರಿಸಿ, ಬಿಗಿಯಾಗಿ ಕಟ್ಟಬೇಕು. ಒಂದು ಎಳೆ ತಪ್ಪಿದರೆ ಬಟ್ಟೆಯ ಉದ್ದಕ್ಕೂ ಗೆರೆ ಕಾಣುತ್ತದೆ. ನನ್ನದು ತಪ್ಪಿತು, ಅರ್ಧ ಬಿಚ್ಚಬೇಕಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, ನಿವೃತ್ತ ನರ್ಸ್, ತನ್ನ ಕೆಲಸ ಬಿಟ್ಟು ಬಂದು ನನ್ನ ಜೊತೆ ಎಳೆ ಎಣಿಸಿದಳು. ಐನ್ಸ್, ಝ್ವೈ, ದ್ರೈ ಅಂತ ಅವಳು, ಒಂದು, ಎರಡು, ಮೂರು ಅಂತ ನಾನು. ಅಲ್ಲಿಯವರೆಗೆ ನನಗೆ ಜರ್ಮನ್ ಮಾತಾಡೋಕೆ ಹೆದರಿಕೆ ಇತ್ತು, ತಪ್ಪಾದರೆ ಏನು ಅಂದುಕೊಳ್ಳುತ್ತಾರೋ ಅಂತ. ಕೈಯಲ್ಲಿ ಕೆಲಸ ಇದ್ದಾಗ ಮಾತು ತಪ್ಪಿದರೂ ಯಾರೂ ನಿಲ್ಲುವುದಿಲ್ಲ. "ಅದು ಕೊಡು", "ಹೀಗೆ ಹಿಡಿ", "ಜಾಸ್ತಿ ಎಳೆಯಬೇಡ". ಇಂಥ ಮಾತುಗಳಿಂದಲೇ ನನ್ನ ಜರ್ಮನ್ ಶುರುವಾಯಿತು. ಆ ನರ್ಸ್ ಇವತ್ತಿಗೂ ನನ್ನ ಹತ್ತಿರದ ಗೆಳತಿ.

ಆರನೇ ವಾರ ನಾನು ಅವ್ವನ ಇಳಕಲ್ ಸೀರೆ ತೆಗೆದುಕೊಂಡು ಹೋಗಿ ತೋರಿಸಿದೆ. ಕಲಿಸುವವರು ಅದನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಅವರ ಕಣ್ಣು ನಿಂತದ್ದು ಮೈ ಮತ್ತು ಸೆರಗು ಕೂಡುವ ಜಾಗದಲ್ಲಿ. ಮೈಯ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ನಾವು ಕೊಂಡಿ ಅನ್ನುತ್ತೇವಲ್ಲ, ಅದು. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. "ಇದನ್ನು ಹೇಗೆ ಮಾಡುತ್ತಾರೆ?" ಅಂತ ಕೇಳಿದರು. ನನಗೆ ಹೇಳೋಕೆ ಬರಲಿಲ್ಲ. ತೋಪ ತೆನಿ ಸೆರಗು, ಅದರಲ್ಲಿ ಜೋಳದ ತೆನೆ, ಕೋಟೆ, ಬಾಚುವ ಹಣಿಗೆಯ ಚಿತ್ತಾರಗಳು ಇರುತ್ತವೆ ಅಂತ ಹೇಳಿದೆ. ಚಿಕ್ಕಿ ಪಾರಸ, ಗೋಮಿ ಅಂತ ದಡಿಗಳ ಹೆಸರು ಹೇಳಿದೆ. ಹೆಸರೆಲ್ಲ ಗೊತ್ತಿತ್ತು, ಕೈಗೆ ಮಾತ್ರ ಏನೂ ಗೊತ್ತಿರಲಿಲ್ಲ.

ಅದಕ್ಕೇ ಈಗ ಪ್ರತಿ ವರ್ಷ ಊರಿಗೆ ಬಂದಾಗ ನಮ್ಮ ಓಣಿಯ ಕಾಕುವಿನ ಮನೆಗೆ ಹೋಗಿ ಕೂರುತ್ತೇನೆ. ಅವರ ಮನೆಯಲ್ಲಿ ಕುಣಿ ಮಗ್ಗ ಇನ್ನೂ ನಡೆಯುತ್ತದೆ. ಈ ಸಲ ಕೊಂಡಿ ಹಾಕುವುದನ್ನು ಕಲಿಸುತ್ತಿದ್ದಾರೆ. ಅವರ ಬೆರಳು ಓಡುವುದು ಕಣ್ಣಿಗೆ ಕಾಣುವುದೇ ಇಲ್ಲ. ನಾನು ಒಂದು ಗಂಟೆಯಲ್ಲಿ ಮಾಡುವುದನ್ನು ಅವರು ಮಾತಾಡುತ್ತಾ ಮಾತಾಡುತ್ತಾ ಐದು ನಿಮಿಷದಲ್ಲಿ ಮುಗಿಸುತ್ತಾರೆ. ನಿನ್ನೆ ಸತತವಾಗಿ ಇಪ್ಪತ್ತು ಎಳೆ ಜಾರದೆ ನಿಂತವು. ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ ತಮ್ಮ, ನಿಜವಾಗಿ.

ನೀನು ಮಗ್ಗ ಹಿಡಿ ಅಂತ ಹೇಳುತ್ತಿಲ್ಲ. ನಿನ್ನ ಪತ್ರದಲ್ಲೇ ಒಂದು ಸಾಲು ಇದೆ, ನೀನು ಅದನ್ನು ಸುಮ್ನೆ ಬರೆದು ಮುಂದೆ ಹೋಗಿದ್ದೀಯ. ನಿಮ್ಮಪ್ಪನಿಗೆ ಸೈಕಲ್ ಅಂಗಡಿ ಇತ್ತು, ಕಾಲೇಜು ಮುಗಿಯುವವರೆಗೆ ಪಂಚರ್ ತೆಗೆದು, ಗಾಲಿ ಬೆಂಡು ತೆಗೆದು ಕೊಟ್ಟಿದ್ದೀಯ. ಹವ್ಯಾಸ ಇಲ್ಲ ಅಂತ ಹೇಗೆ ಹೇಳಿದೆ? ಅಲ್ಲಿ ರಿಪೇರ್ ಕೆಫೆ ಅಂತ ನಡೆಯುತ್ತದೆ. 2009ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್ಮಾ ಅನ್ನುವ ಮಹಿಳೆ ಶುರು ಮಾಡಿದ್ದು, ಈಗ ಜರ್ಮನಿಯ ಊರೂರಲ್ಲಿ ಇದೆ. ಜನ ಕೆಟ್ಟ ಸಾಮಾನು ತರುತ್ತಾರೆ, ಗೊತ್ತಿರುವವರು ಪಕ್ಕದಲ್ಲಿ ಕೂತು ರಿಪೇರಿ ಮಾಡಲು ಸಹಾಯ ಮಾಡುತ್ತಾರೆ. ದುಡ್ಡು ಕೇಳುವುದಿಲ್ಲ, ಕಾಫಿ ಇರುತ್ತದೆ, ಕೇಕ್ ಇರುತ್ತದೆ. ಸೈಕಲ್ ಗೊತ್ತಿರುವವರಿಗೆ ಅಲ್ಲಿ ಯಾವಾಗಲೂ ಜಾಗ ಇದೆ. ಒಂದು ಶನಿವಾರ ಹೋಗಿ ಸುಮ್ನೆ ನೋಡು. ಎರಡನೇ ಸಲ ಒಂದು ಪಾನಾ ಕೈಗೆ ತೆಗೆದುಕೋ. ನಿನಗೆ ಗೊತ್ತಿರುವುದನ್ನು ಯಾರಾದರೂ ಕೇಳಿದಾಗ ಆಗುವ ಸಮಾಧಾನ ಬೇರೆಯೇ. ಹೊಸ ಊರಿನಲ್ಲಿ ನಾವು ಎಲ್ಲದಕ್ಕೂ ಕೇಳುವವರೇ ಆಗಿಬಿಟ್ಟಿರುತ್ತೇವೆ, ಅಲ್ವಾ?

ಇದರ ಜೊತೆಗೆ ಪೂರ್ತಿ ಹೊಸದೊಂದನ್ನೂ ಕಲಿ. ಒಂದೇ ಒಂದು. ಮಣ್ಣಿನದೋ, ಕಟ್ಟಿಗೆಯದೋ, ಈಜೋ, ನಿನಗೆ ಬಿಟ್ಟದ್ದು. ಹೊಸ ತರಗತಿಗಳು ಫೆಬ್ರವರಿ ಹೊತ್ತಿಗೆ ಶುರುವಾಗುತ್ತವೆ, ಹೆಸರು ಬೇಗ ಹಚ್ಚಬೇಕು. ಕೈಕೆಲಸದ ತರಗತಿ ಬೇಗ ತುಂಬುತ್ತವೆ. ಸಾಮಾನು ಮಾತ್ರ ಮೊದಲೇ ಕೊಳ್ಳಬೇಡ.

ಇನ್ನು ತಿರುಗಾಟ. ಹೊಸಬರು ಬಂದ ವರ್ಷವೇ ಪ್ಯಾರಿಸ್, ರೋಮ್, ಸ್ವಿಟ್ಜರ್‌ಲ್ಯಾಂಡ್ ಅಂತ ಓಡುತ್ತಾರೆ. ನೋಡಲಿ, ತಪ್ಪಿಲ್ಲ. ಆದರೆ ಅದರಿಂದ ಇರುವ ಊರು ನಮ್ಮದಾಗುವುದಿಲ್ಲ. ನಮ್ಮ ಕಡೆ ತಿರುಗಾಟ ಅಂದರೆ ಏನಿತ್ತು ಹೇಳು. ಎಳ್ಳಮಾಸಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗೋದು, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲೋದು, ಬನ್ನಿ ಗಿಡದ ಕೆಳಗೆ ಎಲ್ಲರೂ ಕೂತು ಉಣ್ಣೋದು. ಮೊನ್ನೆ ನಾವೂ ಹೋಗಿದ್ದೆವು. ಸಜ್ಜೆ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಮನೆಯಿಂದ ನಾಲ್ಕು ಕಿಲೋಮೀಟರ್ ಅಷ್ಟೇ. ಸಂಜೆ ವಾಪಸ್ ಬಂದಾಗ ಎಲ್ಲರ ಮುಖವೂ ಅರಳಿತ್ತು. ವರ್ಷಕ್ಕೊಂದು ಸಲ ಕೂಡಲಸಂಗಮಕ್ಕೆ ಹೋಗಿ ಕೃಷ್ಣಾ, ಮಲಪ್ರಭೆ ಕೂಡುವಲ್ಲಿ ಕಾಲು ಇಳಿಬಿಟ್ಟು ಕೂತರೂ ಇದೇ ಸುಖ. ನೀನೂ ಸಂಜೆ ಹೊತ್ತು ಗೋಳಗುಮ್ಮಟದ ಹುಲ್ಲಿನ ಮೇಲೆ ಗೆಳೆಯರ ಜೊತೆ ಕೂತು ಬೆಳೆದವನಲ್ಲವೇ?

ಡ್ಯೂಸೆಲ್ಡಾರ್ಫ್‌ನಲ್ಲಿ ನನ್ನ ಜಾಗ ಕೈಸರ್ಸ್‌ವೆರ್ತ್. ಯು79 ಹತ್ತಿ ಹೋಗಬಹುದು. ರೈನ್ ದಂಡೆಯಲ್ಲಿ ಹನ್ನೆರಡನೇ ಶತಮಾನದ ಬಾರ್ಬರೋಸ ದೊರೆ ಕಟ್ಟಿಸಿದ ಕೋಟೆಯ ಗೋಡೆಗಳು ಉಳಿದಿವೆ, ಮೇಲೆ ಚಾವಣಿ ಇಲ್ಲ. 1702ರ ಯುದ್ಧದಲ್ಲಿ ಅದನ್ನು ಸಿಡಿಸಿದರು. ನಿಮ್ಮ ವಿಜಯಪುರ ಔರಂಗಜೇಬನ ಕೈಗೆ ಬಿದ್ದದ್ದು 1686ರಲ್ಲಿ, ಹದಿನಾರೇ ವರ್ಷದ ಅಂತರ. ಆ ಬೋಳು ಗೋಡೆ ನೋಡಿದರೆ ನಿನಗೆ ನಿಮ್ಮೂರಿನ ಚಾವಣಿಯಿಲ್ಲದ ಬಾರಾ ಕಮಾನ್ ನೆನಪಾಗುತ್ತದೆ, ನೋಡುತ್ತಿರು. ಫ್ಲಾರೆನ್ಸ್ ನೈಟಿಂಗೇಲ್ ದಾದಿಯ ಕೆಲಸ ಕಲಿತದ್ದೂ 1851ರಲ್ಲಿ ಇದೇ ಊರಲ್ಲಿ. ಇದನ್ನು ನನಗೆ ಹೇಳಿದ್ದು ಆ ನರ್ಸ್ ಗೆಳತಿ, ಎಷ್ಟು ಹೆಮ್ಮೆಯಿಂದ ಹೇಳಿದಳು ಗೊತ್ತಾ!

ನಾನು ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಮಂಜು ಬಿದ್ದಾಗ, ನದಿ ಉಕ್ಕಿದಾಗ, ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವಾಗ. ದಂಡೆಯ ಒಂದು ಬೆಂಚು ನನಗೆ ಗುರುತಾಗಿದೆ. ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತೇನೆ, ಕಬ್ಬಿಣ, ಮರಳು ಹೊತ್ತ ಉದ್ದನೆಯ ಹಡಗುಗಳು ನಿಧಾನವಾಗಿ ಹೋಗುವುದನ್ನು ನೋಡುತ್ತೇನೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗು ಅಂತ ನಾನು ಹೇಳುವುದು ಇದಕ್ಕೇ. ಹತ್ತನೇ ಸಲಕ್ಕೆ ಅಲ್ಲಿಯ ನಾಯಿ ತಿರುಗಿಸುವವರು ನಿನ್ನ ಗುರುತು ಹಿಡಿಯುತ್ತಾರೆ, ಚಹಾ ಅಂಗಡಿಯವಳು ಕೇಳದೆಯೇ ಹಾಲು ಹಾಕುತ್ತಾಳೆ. ಬೇರೆ ಕಡೆ ಹೋಗಬೇಕು ಅನ್ನಿಸಿದರೆ ಎಸ್28 ರೈಲು ಹತ್ತಿ ನಿಯಾಂಡರ್ತಾಲ್‌ಗೆ ಹೋಗು. 1856ರಲ್ಲಿ ಆದಿಮಾನವನ ಮೂಳೆ ಸಿಕ್ಕ ಕಣಿವೆ ಅದೇ. ನಿನ್ನ ಹತ್ತಿರ ಹೇಗೂ ಡಾಯ್ಚ್‌ಲಾಂಡ್ ಟಿಕೆಟ್ ಇದೆ ಅಂದಿದ್ದೀಯ. ಅದು ಬರೀ ಆಫೀಸಿಗೆ ಹೋಗಿ ಬರೋಕೆ ಅಲ್ಲ. ವೇಗದ ದೂರದ ರೈಲು ಬಿಟ್ಟರೆ ದೇಶದ ಎಲ್ಲ ಲೋಕಲ್ ರೈಲು, ಬಸ್ಸು, ಟ್ರಾಮ್‌ಗೂ ನಡೆಯುತ್ತದೆ.

ಮನೆಗೆ ಫೋನ್ ಮಾಡುವುದನ್ನು ಬಿಡಬೇಡ. ನನ್ನಂತೆ ದಿನಕ್ಕೆ ಮೂರು ಸಲ ಬೇಡ, ಅಷ್ಟೇ. ಭಾನುವಾರ ಸಂಜೆ ಮಾಡು. ಆ ಹೊತ್ತಿಗೆ ನಿನ್ನ ಹತ್ತಿರ ಹೇಳೋಕೆ ಏನಾದರೂ ಇರುತ್ತದೆ. ಯಾವ ಸೈಕಲ್ ಬಂತು, ಅದರ ಚೈನು ಹೇಗಿತ್ತು ಅಂತ ಹೇಳಿದರೆ ನಿಮ್ಮಪ್ಪ ಎಷ್ಟು ಹೊತ್ತಾದರೂ ಫೋನ್ ಇಡಲಿಕ್ಕಿಲ್ಲ.

ಕಾಕು ಕರೆಯುತ್ತಿದ್ದಾರೆ, ಬಿಸಿಲು ಬಂತು, ಎಳೆ ಸರಿಯಾಗಿ ಕಾಣುವ ಹೊತ್ತು ಇದು. ಫೆಬ್ರವರಿಯ ಮೊದಲ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಯು79ರಲ್ಲಿ ಕ್ಲೆಮೆನ್ಸ್‌ಪ್ಲಾಟ್ಸ್ ಸ್ಟಾಪಿನಲ್ಲಿ ಇಳಿ, ನಾನು ಅಲ್ಲೇ ಇರುತ್ತೇನೆ. ಕಟಕ ರೊಟ್ಟಿ, ಅಗಸಿ ಚಟ್ನಿ ಇಲ್ಲಿಂದ ತರುತ್ತೇನೆ. ನೀನು ಫ್ಲಾಸ್ಕಿನಲ್ಲಿ ಚಹಾ ತಾ. ಕೈಗವಸು ಮರೆಯಬೇಡ, ನದಿ ದಂಡೆಯಲ್ಲಿ ಗಾಳಿ ಜೋರು.